ಸೆನ್ಸರ್ ಎಲ್ಲಿ ಕೂತಿದೆ?

(ಸಣ್ಣ ಕೈಗಾರಿಕೆಗಳ ಮೇಂಟೆನೆನ್ಸ್ ಸಿಬ್ಬಂದಿ, ಬಸ್ ಡಿಪೊಗಳ ತಂತ್ರಜ್ಞರು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಬೆಂಗಳೂರಿನಲ್ಲಿ ಕನ್ನಡದಲ್ಲೇ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತನ್ನು 2 ಎಚ್‌ಪಿ ಮೋಟರೊಂದರಿಂದ ಶುರು ಮಾಡೋಣ. ಪೀಣ್ಯದ ಯಾವ ಶೆಡ್ಡಿನೊಳಗೆ ಕಾಲಿಟ್ಟರೂ ಇಂಥವು ನಾಲ್ಕಾರು ಸಿಗುತ್ತವೆ: ಕೂಲಂಟ್ ಪಂಪಿಗೊಂದು, ಬ್ಲೋವರ್‌ಗೊಂದು, ಕನ್ವೇಯರ್‌ಗೊಂದು. ನಾಲ್ಕು ಪೋಲ್, 50 ಹರ್ಟ್ಸ್, ನೇಮ್‌ಪ್ಲೇಟಿನ ಮೇಲೆ 1440 ಆರ್‌ಪಿಎಂ. ಅದಕ್ಕೊಂದು ಸೆನ್ಸರ್ ಅಂಟಿಸಿ, ಮೊಬೈಲಿನಲ್ಲಿ ಗ್ರಾಫ್ ಕಾಣಿಸಿಕೊಂಡರೆ ಕಾರ್ಖಾನೆ ಸ್ಮಾರ್ಟ್ ಆಯಿತು ಅಂದುಕೊಳ್ಳುತ್ತೇವೆ. ಮೂರು ತಿಂಗಳು ಕಳೆದ ಮೇಲೆ ಆ ಗ್ರಾಫಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಬೇರಿಂಗ್ ಹಾಳಾದ ದಿನ ಗ್ರಾಫ್ ಬಾಯಿ ಬಿಟ್ಟಿರುವುದಿಲ್ಲ. ಎಲ್ಲ ಸರಿಯಿದ್ದ ದಿನ ರಾತ್ರಿ ಎರಡು ಗಂಟೆಗೆ ಅಲಾರಂ ಹೊಡೆದಿರುತ್ತದೆ.

ಇಂಥ ಕಡೆ ತಪ್ಪು ಹುಡುಕಿಕೊಂಡು ಎಲ್ಲರೂ ಮೊದಲು ಹೋಗುವುದು ಸಾಫ್ಟ್‌ವೇರ್ ಕಡೆಗೆ. ತಪ್ಪು ಇರುವುದು ಸಾಮಾನ್ಯವಾಗಿ ಸೆನ್ಸರ್ ಕೂತ ಜಾಗದಲ್ಲಿ, ಅದನ್ನು ಕೂರಿಸಿದ ರೀತಿಯಲ್ಲಿ. ಸೆನ್ಸರಿಗೆ ಮೋಟರ್ ಗೊತ್ತಿಲ್ಲ, ಬ್ಯಾಟರಿ ಗೊತ್ತಿಲ್ಲ. ತನ್ನ ಕಾಲ ಕೆಳಗಿನ ಅಂಗೈಯಗಲ ಜಾಗ ಮಾತ್ರ ಅದಕ್ಕೆ ಗೊತ್ತು. ಮೋಟರು, ಗಾಳಿ ಪೈಪು, ಎಲೆಕ್ಟ್ರಿಕ್ ಬಸ್ಸಿನ ಬ್ಯಾಟರಿ, ಈ ಮೂರು ಕಡೆ ಇದನ್ನು ನೋಡೋಣ.

ಮೋಟರಿನ ಮೈ ಮುಟ್ಟುವುದು ಹೇಗೆ

1440 ಆರ್‌ಪಿಎಂ ಅಂದರೆ ಸೆಕೆಂಡಿಗೆ 24 ಸುತ್ತು. ಈ ಗಾತ್ರದ ಮೋಟರಿನಲ್ಲಿ ಸಾಮಾನ್ಯವಾಗಿ ಇರುವುದು 6205 ಬೇರಿಂಗ್. ಅದರೊಳಗೆ ಒಂಬತ್ತು ಗುಂಡು. ಹೊರಗಿನ ರೇಸಿನಲ್ಲಿ, ಅಂದರೆ ಗುಂಡುಗಳು ಉರುಳುವ ಹೊರ ಬಳೆಯಲ್ಲಿ, ಒಂದು ಸಣ್ಣ ಗುಳಿ ಬಿತ್ತು ಅನ್ನಿ. ಶಾಫ್ಟ್ ಒಂದು ಸುತ್ತು ಹಾಕುವಷ್ಟರಲ್ಲಿ ಆ ಗುಳಿಯ ಮೇಲೆ ಸುಮಾರು 3.585 ಸಲ ಗುಂಡು ಹಾಯುತ್ತದೆ. 24ರಿಂದ ಗುಣಿಸಿದರೆ 86 ಹರ್ಟ್ಸ್. ಒಳಗಿನ ರೇಸಿನಲ್ಲಿ ಗುಳಿಯಿದ್ದರೆ 5.415 ಸಲ, ಅಂದರೆ 130 ಹರ್ಟ್ಸ್. ಗುಂಡುಗಳು ಅಷ್ಟಿಷ್ಟು ಜಾರುವುದರಿಂದ ಯಂತ್ರದಲ್ಲಿ ಈ ಅಂಕಿಗಳು ಶೇ 1–2ರಷ್ಟು ಆಚೀಚೆ ಆಗುತ್ತವೆ. ಸಾಫ್ಟ್‌ವೇರಿನಲ್ಲಿ 86.04 ಎಂದು ಬರೆದಿಟ್ಟು ಅಲ್ಲಿ ಮಾತ್ರ ಹುಡುಕಿದರೆ ಏನೂ ಸಿಗುವುದಿಲ್ಲ. 84ರಿಂದ 88ರವರೆಗೆ ಹುಡುಕಿ.

ಈಗ ಸೆನ್ಸರ್ ಎಲ್ಲಿಡಬೇಕು? ಕೈಗೆ ಸುಲಭವಾಗಿ ಸಿಗುವುದು ಹಿಂದಿನ ಫ್ಯಾನ್ ಕವರ್, ಇಲ್ಲವೇ ಟರ್ಮಿನಲ್ ಬಾಕ್ಸಿನ ಮುಚ್ಚಳ. ಎರಡೂ ಬೇಡ. ಎರಡೂ ತೆಳು ತಗಡು, ತಮ್ಮದೇ ರಾಗದಲ್ಲಿ ಝೇಂಕರಿಸುತ್ತಿರುತ್ತವೆ. ಮೋಟರಿನ ಮೈಮೇಲಿನ ತಂಪಿನ ರೆಕ್ಕೆಗಳ ಮೇಲೂ ಬೇಡ. ಲೋಡ್ ಇರುವ ಕಡೆಯ ಬೇರಿಂಗ್ ಕೂತಿರುವ ಎಂಡ್‌ಶೀಲ್ಡ್ ಇದೆಯಲ್ಲ, ಅದರ ಗಟ್ಟಿ ಎರಕದ ಭಾಗ ಬೇಕು. ಬೇರಿಂಗಿನಿಂದ ಸೆನ್ಸರಿಗೆ ಬರುವ ದಾರಿಯಲ್ಲಿ ಒಂದೇ ಲೋಹವಿರಬೇಕು. ನಡುವೆ ಗ್ಯಾಸ್ಕೆಟ್, ತಗಡು, ಪೇಂಟಿನ ಪದರ ಯಾವುದೂ ಬರಬಾರದು.

ಅಂಟಿಸುವ ಕೆಲಸ ಹೀಗೆ. ಸುಮಾರು 25 ಮಿ.ಮೀ. ಅಗಲದ ಜಾಗದಲ್ಲಿ ಪೇಂಟನ್ನು ಪೂರ್ತಿ ಕೆರೆದು ತೆಗೆಯಿರಿ. ಎಮರಿ ಕಾಗದದಿಂದ ಉಜ್ಜಿ ಸಮತಟ್ಟು ಮಾಡಿ. ಎಣ್ಣೆ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ನಟ್ಟು ಕೂರುವ ಲೋಹದ ಪ್ಯಾಡೊಂದನ್ನು ಎರಡು ಭಾಗದ ಎಪಾಕ್ಸಿಯಿಂದ ತೆಳ್ಳಗೆ ಅಂಟಿಸಿ. ಒಂದು ರಾತ್ರಿ ಬಿಟ್ಟು, ಮರುದಿನ ಅದಕ್ಕೆ ಸೆನ್ಸರ್ ತಿರುಗಿಸಿ. ಮುಖ ಮುಖ ಸೇರುವಲ್ಲಿ ಒಂದು ಚಿಟಿಕೆ ಗ್ರೀಸು ಸವರಿದರೆ ಕಣ್ಣಿಗೆ ಕಾಣದ ಸಂದು ತುಂಬಿಕೊಳ್ಳುತ್ತದೆ. ಡಬಲ್ ಸೈಡ್ ಟೇಪು ಬೇಡವೇ ಬೇಡ. ಅದು ಮೆತ್ತನೆಯ ಹಾಸಿಗೆ. ಮೇಲಿನ ಕಂಪನವನ್ನೆಲ್ಲ ನುಂಗಿಬಿಡುತ್ತದೆ. ಅಯಸ್ಕಾಂತದ ಬುಡವಿದ್ದರೆ ಓರೆಯಾಗಿ ಹಿಡಿದು, ಒಂದು ಅಂಚನ್ನು ಮೊದಲು ತಾಗಿಸಿ, ನಿಧಾನವಾಗಿ ಒರಗಿಸಿ. ನೇರವಾಗಿ ಬಿಟ್ಟರೆ ಟಕ್ಕೆಂದು ಎಗರಿ ಕಚ್ಚುತ್ತದೆ, ಆ ಒಂದೇ ಪೆಟ್ಟಿಗೆ ಒಳಗಿನ ಸೆನ್ಸರ್ ಹೋಗಬಹುದು.

ಇದಕ್ಕೂ ಮೊದಲು ಮೋಟರ್ ನೆಲಕ್ಕೆ ಸರಿಯಾಗಿ ಕೂತಿದೆಯೇ ನೋಡಿ. ನಾಲ್ಕು ಕಾಲಿನ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತ ಕಾಲಿನ ಮೇಲೆ ಡಯಲ್ ಗೇಜ್ ಇಡಿ. ಸಡಿಲಿಸಿದಾಗ ಕಾಲು 0.05 ಮಿ.ಮೀ.ಗಿಂತ ಹೆಚ್ಚು ಮೇಲೆದ್ದರೆ ಅಡಿಗೆ ಶಿಮ್ (ತೆಳು ತಗಡಿನ ತುಂಡು) ಬೇಕು. ಒಂದು ಕಾಲು ಕುಂಟುವ ಮೋಟರನ್ನು ಬೋಲ್ಟಿನಿಂದ ಬಿಗಿದಾಗ ಅದರ ಚೌಕಟ್ಟೇ ತಿರುಚಿಕೊಳ್ಳುತ್ತದೆ, ಒಳಗಿನ ಏರ್‌ಗ್ಯಾಪ್ ಒಂದು ಕಡೆ ಕಿರಿದಾಗುತ್ತದೆ, 100 ಹರ್ಟ್ಸಿನಲ್ಲಿ ಕಂಪನ ಎದ್ದು ಕಾಣುತ್ತದೆ. ಅದನ್ನು ಬೇರಿಂಗಿನ ತಪ್ಪು ಎಂದು ತಿಳಿದು ಹೊಸ ಬೇರಿಂಗ್ ಹಾಕಿದರೆ ಹೊಟ್ಟೆ ನೋವಿಗೆ ಹಣೆಗೆ ಪಟ್ಟು ಹಾಕಿದ ಹಾಗೆ.

ಈಗ ಅಂಕಿಗಳ ಕಡೆ ಬರೋಣ. 15 ಕಿಲೊವ್ಯಾಟ್‌ವರೆಗಿನ ಸಣ್ಣ ಯಂತ್ರಗಳಿಗೆ ಐಎಸ್‌ಒ 10816-1 ಕೊಟ್ಟಿದ್ದ ಗಡಿಗಳು ಇಂದಿಗೂ ಎಲ್ಲರ ಬಾಯಲ್ಲಿವೆ: ಕಂಪನದ ವೇಗ ಸೆಕೆಂಡಿಗೆ 0.71 ಮಿ.ಮೀ. ಒಳಗಿದ್ದರೆ ಹೊಸ ಯಂತ್ರದಂತೆ, 1.8ರವರೆಗೆ ಓಡಿಸಬಹುದು, 4.5 ದಾಟಿದರೆ ನಿಲ್ಲಿಸಿ. ಇಲ್ಲೊಂದು ಲೆಕ್ಕ ಮಾಡಿ. 24 ಹರ್ಟ್ಸಿನಲ್ಲಿ 1.8 ಮಿ.ಮೀ. ವೇಗ ಅಂದರೆ ವೇಗವರ್ಧನೆಯಲ್ಲಿ ಸುಮಾರು 0.028 ಜಿ ಮಾತ್ರ (ಭೂಮಿಯ ಗುರುತ್ವ 1 ಜಿ). ಹವ್ಯಾಸಿ ಕಿಟ್‌ಗಳಲ್ಲಿ ಸಿಗುವ ಎಡಿಎಕ್ಸ್‌ಎಲ್345 ಚಿಪ್ಪಿನ ಒಂದು ಹೆಜ್ಜೆ 0.0039 ಜಿ. ಅಂದರೆ ಎಚ್ಚರಿಕೆಯ ಗಡಿ ಮುಟ್ಟಿದಾಗಲೂ ಚಿಪ್ಪು ಕಾಣುವುದು ಏಳೇ ಹೆಜ್ಜೆ. ಅಸಮತೋಲನ, ಸಡಿಲ ಬೋಲ್ಟು, ಕಪ್ಲಿಂಗ್ ವಾರೆ, ಇವನ್ನು ಅದು ಹೇಗೋ ಹಿಡಿಯುತ್ತದೆ. ಬೇರಿಂಗಿನ ಮೊದಲ ಗುಳಿಯನ್ನು ಹಿಡಿಯುವುದಿಲ್ಲ. ಅದರ ಪಟ್ಟಿಯಗಲವೇ 1600 ಹರ್ಟ್ಸ್, ನಮಗೆ ಬೇಕಾದ ಸುದ್ದಿ ಇರುವುದು ಅದರಾಚೆ.

ಹಳ್ಳಿಯ ದೇವಸ್ಥಾನದ ಗಂಟೆಯನ್ನು ನೆನೆಸಿಕೊಳ್ಳಿ. ಗಂಟೆಯ ನಾದ ಒಂದು. ಪೂಜಾರಿ ಎಷ್ಟು ಹೊತ್ತಿಗೊಮ್ಮೆ ಬಾರಿಸಿದರು ಎಂಬುದು ಇನ್ನೊಂದು. ಗುಂಡು ಗುಳಿಗೆ ಬಡಿದಾಗಲೆಲ್ಲ ಬೇರಿಂಗ್ ಕೂತ ಎರಕದ ಕವಚ ಹಲವು ಸಾವಿರ ಹರ್ಟ್ಸಿನಲ್ಲಿ ಕಿಣಿ ಎನ್ನುತ್ತದೆ. ಅದು ನಾದ. ಅಂಥ ಕಿಣಿ ಸೆಕೆಂಡಿಗೆ 86 ಸಲ ಬರುತ್ತದೆ. ಅದು ಬಡಿತ. ನಮಗೆ ಬೇಕಾದದ್ದು ಬಡಿತದ ಲೆಕ್ಕ, ಆದರೆ ಅದನ್ನು ಹೊತ್ತು ತರುವುದು ನಾದ. ಹಾಗಾಗಿ 2ರಿಂದ 10 ಕಿಲೊಹರ್ಟ್ಸಿನ ಪಟ್ಟಿಯನ್ನು ಮಾತ್ರ ಸೋಸಿ ತೆಗೆದು, ಅದರ ಏರಿಳಿತದ ಹೊರರೇಖೆ ಎಳೆದು, ಆ ಹೊರರೇಖೆಯ ಸ್ಪೆಕ್ಟ್ರಂ ನೋಡುತ್ತೇವೆ. ಇದಕ್ಕೆ ಎನ್ವಲಪ್ ವಿಶ್ಲೇಷಣೆ ಎಂದು ಹೆಸರು. ಗುಳಿ ಕಣ್ಣಿಗೆ ಕಾಣದಷ್ಟು ಸಣ್ಣದಿದ್ದಾಗಲೂ ಇಲ್ಲಿ 86ರ ಹತ್ತಿರ ಒಂದು ಮೊನೆ ಎದ್ದಿರುತ್ತದೆ. ಒಟ್ಟು ಕಂಪನದ ಅಂಕಿ ಏರುವುದು ಬಹಳ ತಡವಾಗಿ, ಬಿಸಿ ಏರುವುದು ಅದಕ್ಕೂ ತಡವಾಗಿ. ಬರೀ ಉಷ್ಣತೆಯ ಸೆನ್ಸರ್ ಹಾಕಿ ಬೇರಿಂಗ್ ಕಾಯುತ್ತೇವೆ ಎನ್ನುವವರಿಗೆ ಸುದ್ದಿ ಮುಟ್ಟುವಾಗ ಬೇರಿಂಗ್ ಕೊನೆಯ ಉಸಿರಿನಲ್ಲಿರುತ್ತದೆ.

ಇನ್ನೊಂದು ಅಂಕಿ ನಂಬಿಕೆದ್ರೋಹ ಮಾಡುವುದುಂಟು: ಕರ್ಟೋಸಿಸ್, ಅಂದರೆ ಕಂಪನದಲ್ಲಿ ಚೂಪು ಮೊನೆಗಳು ಎಷ್ಟಿವೆ ಎಂಬ ಅಳತೆ. ಆರೋಗ್ಯದ ಬೇರಿಂಗಿನಲ್ಲಿ ಇದು 3ರ ಆಸುಪಾಸು. ಮೊದಲ ಗುಳಿ ಬಿದ್ದಾಗ ಏರುತ್ತದೆ. ಗುಳಿಗಳು ಹರಡಿ ರೇಸೆಲ್ಲ ಸಿಡುಬಿನ ಮುಖದಂತಾದಾಗ ಮತ್ತೆ 3ರ ಕಡೆ ಇಳಿಯುತ್ತದೆ. ಇಳಿದದ್ದನ್ನು ಕಂಡು ವಾಸಿಯಾಯಿತು ಎಂದುಕೊಳ್ಳಬೇಡಿ.

ಸ್ಯಾಂಪ್ಲಿಂಗ್ ಬಗ್ಗೆ ಒಂದು ಮಾತು ಹೇಳಲೇಬೇಕು. ಸೆಕೆಂಡಿಗೆ 200 ಸಲ ಓದುವ ಸೆನ್ಸರಿಗೆ 100 ಹರ್ಟ್ಸಿನಾಚೆ ಕಣ್ಣಿಲ್ಲ. ಕಣ್ಣಿಲ್ಲದಿದ್ದರೆ ಸುಮ್ಮನಿರಬೇಕಲ್ಲ, ಸುಮ್ಮನಿರುವುದಿಲ್ಲ. 130 ಹರ್ಟ್ಸಿನ ಕಂಪನವನ್ನು 70 ಹರ್ಟ್ಸ್ ಎಂದು ಸುಳ್ಳು ಹೇಳುತ್ತದೆ. ನೀವು 70ರಲ್ಲಿ ಏನು ಕೆಟ್ಟಿದೆ ಎಂದು ಮೋಟರನ್ನೆಲ್ಲ ಬಿಚ್ಚಿ ಹುಡುಕುತ್ತೀರಿ. ಇದನ್ನು ತಡೆಯುವ ಫಿಲ್ಟರ್ ಇರಬೇಕಾದದ್ದು ಡಿಜಿಟಲ್ ಆಗುವುದಕ್ಕೂ ಮೊದಲು, ಸರ್ಕಿಟ್ಟಿನಲ್ಲೇ. ಒಮ್ಮೆ ಬೆರೆತ ಮೇಲೆ ಯಾವ ಪ್ರೋಗ್ರಾಮಿನಿಂದಲೂ ಬೇರೆ ಮಾಡಲಾಗದು.

ಹಾಗಾದರೆ ಸೆಕೆಂಡಿಗೆ 25,600 ಸಲ ಓದಿ ಎಲ್ಲವನ್ನೂ ಕ್ಲೌಡಿಗೆ ಕಳಿಸೋಣವೇ? ಎರಡು ಸೆಕೆಂಡು ಓದಿದರೆ 51,200 ಸ್ಯಾಂಪಲ್, ಒಂದಕ್ಕೆ ಎರಡು ಬೈಟು ಹಿಡಿದರೂ 1,02,400 ಬೈಟು. ಸೆನ್ಸರುಗಳ ನಿಸ್ತಂತು ಜಾಲವಾದ ಲೋರಾವಾನ್ ನಮ್ಮ ದೇಶದಲ್ಲಿ ಓಡುವುದು 865–867 ಮೆಗಾಹರ್ಟ್ಸ್ ಪಟ್ಟಿಯಲ್ಲಿ. ಅದರ ಅತಿ ನಿಧಾನದ ವೇಗದಲ್ಲಿ ಒಂದು ಪೊಟ್ಟಣಕ್ಕೆ 51 ಬೈಟು ಮಾತ್ರ ಹಿಡಿಸುತ್ತದೆ. ಎರಡು ಸಾವಿರಕ್ಕೂ ಹೆಚ್ಚು ಪೊಟ್ಟಣ, ಒಂದೊಂದಕ್ಕೂ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು. ಎರಡು ಸೆಕೆಂಡಿನ ಕಂಪನ ಕಳಿಸಲು ಒಂದು ಗಂಟೆಯೂ ಸಾಲದು, ಬ್ಯಾಟರಿಯೂ ಉಳಿಯದು. ಆದ್ದರಿಂದ ಲೆಕ್ಕ ಮೋಟರಿನ ಪಕ್ಕದಲ್ಲೇ, ಸೆನ್ಸರಿನ ಮೈಕ್ರೊಕಂಟ್ರೋಲರಿನಲ್ಲೇ ಆಗಬೇಕು. ಕಳಿಸಬೇಕಾದದ್ದು ಐದಾರು ಅಂಕಿ: ಕಂಪನದ ಒಟ್ಟು ವೇಗ, ಎನ್ವಲಪ್ಪಿನಲ್ಲಿ 86 ಮತ್ತು 130ರ ಎತ್ತರ, 100 ಹರ್ಟ್ಸಿನ ಎತ್ತರ, ಉಷ್ಣತೆ, ಮೋಟರಿನ ಆ ಹೊತ್ತಿನ ವೇಗ. ಕೊನೆಯದನ್ನು ಮರೆಯಬೇಡಿ. ಮೋಟರಿಗೆ ವಿಎಫ್‌ಡಿ (ವೇಗ ಬದಲಿಸುವ ಡ್ರೈವ್) ಇದ್ದರೆ 1440 ಎಂಬುದು ನೇಮ್‌ಪ್ಲೇಟಿನಲ್ಲಿ ಮಾತ್ರ. ವೇಗ ಅರ್ಧವಾದರೆ 86 ಕೂಡ 43 ಆಗುತ್ತದೆ.

ಸಭೆಯಿಂದ ಒಬ್ಬ ವಿದ್ಯಾರ್ಥಿನಿ ಕೇಳಿದರು: “ನಮ್ಮ ಪ್ರಾಜೆಕ್ಟಿನಲ್ಲಿ ನ್ಯೂರಲ್ ನೆಟ್‌ವರ್ಕ್ ಶೇ 99 ನಿಖರತೆ ಕೊಟ್ಟಿದೆ ಸರ್. ಆದರೆ ಕಾರ್ಖಾನೆಯ ಮೋಟರಿಗೆ ಹಾಕಿದರೆ ಏನೇನೋ ಹೇಳುತ್ತದೆ, ಯಾಕೆ?” ಬಹಳ ಒಳ್ಳೆಯ ಪ್ರಶ್ನೆ. ಇಂಥ ಪ್ರಾಜೆಕ್ಟುಗಳಲ್ಲಿ ಬಹುಪಾಲು ಬಳಕೆಯಾಗುವುದು ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಎಲ್ಲರಿಗೂ ತೆರೆದಿಟ್ಟಿರುವ ಬೇರಿಂಗ್ ದತ್ತಾಂಶ. ಅದೂ 2 ಎಚ್‌ಪಿ ಮೋಟರು, ಅದೂ 6205. ಆದರೆ ಅಲ್ಲಿನ ಗುಳಿಗಳನ್ನು ವಿದ್ಯುತ್ ಕಿಡಿಯಿಂದ ಕೊರೆದು ಮಾಡಿದ್ದಾರೆ. ಅಂಚು ಚೂಪು, ಗಾತ್ರ ನಿಖರ. ನಿಜವಾದ ಗುಳಿ ಹಾಗಿರುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಒಂದೇ ಬೇರಿಂಗಿನ ಒಂದೇ ಉದ್ದನೆಯ ದಾಖಲೆಯನ್ನು ಸಾವಿರ ತುಂಡು ಮಾಡಿ, 800 ತುಂಡು ಕಲಿಕೆಗೆ, 200 ತುಂಡು ಪರೀಕ್ಷೆಗೆ ಇಡುತ್ತಾರೆ. ಪ್ರಶ್ನೆಪತ್ರಿಕೆಯನ್ನು ಮೊದಲೇ ಕೊಟ್ಟು ಪರೀಕ್ಷೆ ಬರೆಸಿದ ಹಾಗಾಯಿತು. ಹೊಸ ಬೇರಿಂಗ್, ಹೊಸ ಲೋಡ್ ಎದುರಾದಾಗ ನೆಟ್‌ವರ್ಕಿಗೆ ಏನೂ ತೋಚುವುದಿಲ್ಲ. ತುಂಡುಗಳನ್ನು ಹಂಚಬೇಡಿ, ಬೇರಿಂಗುಗಳನ್ನೇ ಹಂಚಿ: ಕಲಿಕೆಯಲ್ಲಿ ಬಂದ ಬೇರಿಂಗ್ ಪರೀಕ್ಷೆಯಲ್ಲಿ ಬರಕೂಡದು. ನಿಖರತೆಯ ಅಂಕಿ ಕೆಳಗಿಳಿಯುತ್ತದೆ, ಹೆದರಬೇಡಿ. ಕಾರ್ಖಾನೆಯಲ್ಲಿ ಕೆಲಸಕ್ಕೆ ಬರುವುದು ಆ ಇಳಿದ ಅಂಕಿಯೇ.

ಗಾಳಿಗೆ ಕೊಡುವ ಕರೆಂಟ್ ಬಿಲ್ಲು

ಮೋಟರಿಗೆ ಇಷ್ಟು ಹೊತ್ತು ಕೊಟ್ಟೆವು. ಆದರೆ ಸಣ್ಣ ಕಾರ್ಖಾನೆಗೆ ದುಡ್ಡು ಬೇಗ ಮರಳಿಸುವ ಸೆನ್ಸರ್ ಯಾವುದು ಎಂದು ಕೇಳಿದರೆ ನಮ್ಮ ಉತ್ತರ ಬೇರೆ: ಕಂಪ್ರೆಸರಿನ ಗಾಳಿ ಟ್ಯಾಂಕಿನ ಮೇಲೆ ಒಂದು ಒತ್ತಡದ ಸೆನ್ಸರ್.

7 ಬಾರ್ ಒತ್ತಡದ ಪೈಪಿನಲ್ಲಿ 3 ಮಿ.ಮೀ. ತೂತಿದ್ದರೆ ಸೆಕೆಂಡಿಗೆ ಸುಮಾರು 10 ಲೀಟರ್ ಗಾಳಿ ಸೋರುತ್ತದೆ. ಅಷ್ಟು ಗಾಳಿ ತುಂಬಲು 3ರಿಂದ 4 ಕಿಲೊವ್ಯಾಟ್ ಬೇಕು. ನೀರು ಸೋರಿದರೆ ನೆಲ ಒದ್ದೆಯಾಗುತ್ತದೆ, ಎಣ್ಣೆ ಸೋರಿದರೆ ಕಾಲು ಜಾರುತ್ತದೆ. ಗಾಳಿ ಸೋರಿದರೆ ಬರೀ ಸುಯ್ ಎಂಬ ಸದ್ದು, ಅದೂ ಮಷೀನುಗಳ ಗದ್ದಲದಲ್ಲಿ ಕೇಳಿಸುವುದಿಲ್ಲ.

ಪರೀಕ್ಷೆ ಸುಲಭ. ಶಿಫ್ಟ್ ಮುಗಿದು ಯಾವ ಯಂತ್ರವೂ ಗಾಳಿ ಬಳಸದಿರುವಾಗ ಕಂಪ್ರೆಸರ್ ನಿಲ್ಲಿಸಿ, ಟ್ಯಾಂಕಿನಿಂದ ಲೈನಿಗೆ ಹೋಗುವ ವಾಲ್ವ್ ತೆರೆದೇ ಇಡಿ. ಟ್ಯಾಂಕು, ಪೈಪು ಎಲ್ಲ ಸೇರಿ 500 ಲೀಟರ್ ಎಂದಿಟ್ಟುಕೊಳ್ಳಿ. ಒತ್ತಡ 7ರಿಂದ 6 ಬಾರ್‌ಗೆ ಇಳಿಯಲು ಎರಡು ನಿಮಿಷ ಹಿಡಿಯಿತು. 500ನ್ನು ಇಳಿದ 1 ಬಾರ್‌ನಿಂದ ಗುಣಿಸಿ, ಎರಡು ನಿಮಿಷದಿಂದ ಭಾಗಿಸಿ, ಹೊರಗಿನ ವಾಯುಒತ್ತಡದಿಂದ ಇನ್ನೊಮ್ಮೆ ಭಾಗಿಸಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ವಾಯುಒತ್ತಡ 1 ಬಾರ್ ಅಲ್ಲ, 0.91ರ ಆಸುಪಾಸು. ಉತ್ತರ ನಿಮಿಷಕ್ಕೆ ಸುಮಾರು 275 ಲೀಟರ್ ಸೋರಿಕೆ. ಇದನ್ನು ಪ್ರತಿ ರಾತ್ರಿ ತಾನಾಗಿ ಲೆಕ್ಕ ಹಾಕುವಂತೆ ಮಾಡಿದರೆ, ಅಂಕಿ ಏರಿದ ಮರುದಿನ ಬೆಳಿಗ್ಗೆ ಸಾಬೂನು ನೀರು, ಬ್ರಷ್ ಹಿಡಿದು ಹೊರಟರಾಯಿತು. ಮೊದಲು ನೋಡಬೇಕಾದ ಜಾಗಗಳು: ಕ್ವಿಕ್ ಕಪ್ಲರ್‌ಗಳು, ಹೋಸ್ ಕ್ಲ್ಯಾಂಪುಗಳು, ಎಫ್‌ಆರ್‌ಎಲ್ ಘಟಕದ (ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್) ಪಾರದರ್ಶಕ ಬಟ್ಟಲಿನ ಬುಡ, ಅರ್ಧ ತೆರೆದಿಟ್ಟ ಡ್ರೈನ್ ಕಾಕ್.

ಸೆನ್ಸರ್ 4–20 ಮಿಲಿಆಂಪಿಯರ್ ಮಾದರಿಯದೇ ಇರಲಿ. 0–10 ಬಾರ್ ಸೆನ್ಸರಿನಲ್ಲಿ 7 ಬಾರ್ ಅಂದರೆ 15.2 ಮಿಲಿಆಂಪಿಯರ್. ಒತ್ತಡ ಸೊನ್ನೆಯಾದಾಗಲೂ 4 ಬರುತ್ತದೆ, ವೈರ್ ತುಂಡಾದಾಗ ಮಾತ್ರ ಸೊನ್ನೆ. ಗಾಳಿ ಖಾಲಿಯಾಯಿತೋ ತಂತಿ ಹೋಯಿತೋ ಎಂಬ ಗೊಂದಲ ಇಲ್ಲ. ಈ ಪುಟ್ಟ ಜಾಣತನವನ್ನು ನೆನಪಿಟ್ಟುಕೊಳ್ಳಿ, ಬ್ಯಾಟರಿಗೆ ಬಂದಾಗ ಮತ್ತೆ ಬೇಕಾಗುತ್ತದೆ.

ಇಲ್ಲೂ ಜಾಗದ ಪ್ರಶ್ನೆ ಬಿಡುವುದಿಲ್ಲ. ಟ್ಯಾಂಕಿನಲ್ಲಿ 7 ಬಾರ್ ಇದ್ದು, ಶೆಡ್ಡಿನ ಕೊನೆಯ ಮಷೀನಿನಲ್ಲಿ 5.8 ಇದ್ದರೆ ಆಪರೇಟರ್ ಒತ್ತಡ ಸಾಲದು ಎನ್ನುತ್ತಾನೆ, ಮೇಲ್ವಿಚಾರಕರು ಕಂಪ್ರೆಸರನ್ನು 8ಕ್ಕೆ ಏರಿಸುತ್ತಾರೆ. ಒಂದು ಬಾರ್ ಏರಿಸಿದರೆ ವಿದ್ಯುತ್ ಶೇ 6–7ರಷ್ಟು ಹೆಚ್ಚು ಬೇಕು, ಸೋರಿಕೆಯೂ ಹೆಚ್ಚುತ್ತದೆ. ತಪ್ಪಿದ್ದದ್ದು ನಡುವೆ ಕಟ್ಟಿಕೊಂಡ ಫಿಲ್ಟರಿನಲ್ಲಿ, ಇಲ್ಲವೇ ಮುಕ್ಕಾಲು ಇಂಚಿನ ಕಿರಿದಾದ ಪೈಪಿನಲ್ಲಿ. ಕೊನೆಯ ಮಷೀನಿನ ಬಳಿ ಇನ್ನೊಂದು ಸೆನ್ಸರ್ ಇದ್ದಿದ್ದರೆ ಅದು ಅಲ್ಲೇ ಗೊತ್ತಾಗುತ್ತಿತ್ತು.

ಎನರ್ಜಿ ಮೀಟರಿನ ಸಿಟಿಗಳ, ಅಂದರೆ ಕರೆಂಟ್ ಅಳೆಯಲು ತಂತಿಯ ಸುತ್ತ ಹಾಕುವ ಕರೆಂಟ್ ಟ್ರಾನ್ಸ್‌ಫಾರ್ಮರುಗಳ ಬಗ್ಗೆ ಎರಡೇ ಮಾತು. ಮೈಮೇಲಿನ ಬಾಣ ಲೋಡಿನ ಕಡೆ ಇರಲಿ. ಆರ್ ಫೇಸಿನ ಸಿಟಿ ಆರ್ ಫೇಸಿನ ವೋಲ್ಟೇಜಿಗೇ ಜೋಡಿಯಾಗಲಿ. ಜೋಡಿ ತಪ್ಪಿದರೆ ಪವರ್ ಫ್ಯಾಕ್ಟರ್ ಮೈನಸ್ ತೋರಿಸುತ್ತದೆ ಅಥವಾ ನಂಬಲಾಗದಷ್ಟು ಇಳಿಯುತ್ತದೆ. ಮತ್ತೆ, 5 ಆಂಪಿಯರ್ ಸಿಟಿಯ ಸೆಕೆಂಡರಿ ತಂತಿಗಳನ್ನು ಲೋಡ್ ಓಡುವಾಗ ಬಿಚ್ಚಬೇಡಿ. ತೆರೆದ ತುದಿಯಲ್ಲಿ ಜೀವ ತೆಗೆಯುವ ವೋಲ್ಟೇಜ್ ಹುಟ್ಟುತ್ತದೆ. ಮೊದಲು ಶಾರ್ಟ್ ಮಾಡಿ, ಆಮೇಲೆ ಮುಟ್ಟಿ.

ಬಸ್ಸಿನ ಹೊಟ್ಟೆಯಲ್ಲಿ

ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಬಸ್ಸನ್ನು ಮೊದಲು ಪ್ರಯೋಗಕ್ಕೆ ಓಡಿಸಿದ್ದು 2014ರಲ್ಲಿ. ಈಗ ಬಿಎಂಟಿಸಿಯ ಹಲವು ಡಿಪೊಗಳಲ್ಲಿ ಚಾರ್ಜರುಗಳ ಸಾಲೇ ಇದೆ. ನಮ್ಮ ನಿಂತು ನಿಂತು ಸಾಗುವ ಟ್ರಾಫಿಕ್ಕು ಡೀಸೆಲ್ ಬಸ್ಸಿಗೆ ಶಾಪ, ಎಲೆಕ್ಟ್ರಿಕ್ ಬಸ್ಸಿಗೆ ಅಷ್ಟಲ್ಲ. 16 ಟನ್ ತೂಕದ ಬಸ್ಸು ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನೆಯಲ್ಲಿ ಸುಮಾರು 0.27 ಯೂನಿಟ್ ಶಕ್ತಿ ಇರುತ್ತದೆ. ಪ್ರತಿ ಸ್ಟಾಪಿನಲ್ಲಿ ಬ್ರೇಕ್ ಒತ್ತಿದಾಗ ಅದರಲ್ಲಿ ಒಂದು ಪಾಲು ಬ್ಯಾಟರಿಗೆ ವಾಪಸ್ ಬರುತ್ತದೆ. ಅಂದರೆ ಬ್ಯಾಟರಿಯ ಕರೆಂಟ್ ದಿನವಿಡೀ ಹೊರಗೆ ಒಳಗೆ, ಹೊರಗೆ ಒಳಗೆ. ಅದನ್ನು ಅಳೆಯುವ ಸೆನ್ಸರಿಗೆ ಇದೇ ದೊಡ್ಡ ಪರೀಕ್ಷೆ.

ಇಂಥ ಬಸ್ಸುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ಲಿನ ಸ್ವಭಾವ ಹೀಗಿದೆ: ಪೂರ್ತಿ ತುಂಬಿದಾಗ 3.65 ವೋಲ್ಟ್, ಬರಿದಾದಾಗ 2.5, ನಡುವೆ 3.2–3.3ರ ಸುತ್ತ ಮೈದಾನದ ಹಾಗೆ ಚಪ್ಪಟೆ. ಶೇ 30 ಇದ್ದಾಗಲೂ 70 ಇದ್ದಾಗಲೂ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಎಷ್ಟು ಉಳಿದಿದೆ ಎಂದು ತಿಳಿಯಲು ಹೋದ ಕರೆಂಟು, ಬಂದ ಕರೆಂಟು ಕೂಡಿ ಕಳೆಯುತ್ತ ಹೋಗಬೇಕು. ಕರೆಂಟ್ ಸೆನ್ಸರಿನ ಸೊನ್ನೆಯೇ 0.5 ಆಂಪಿಯರ್ ಪಕ್ಕಕ್ಕೆ ಸರಿದಿದ್ದರೆ? 16 ಗಂಟೆಯ ಓಡಾಟದಲ್ಲಿ 8 ಆಂಪಿಯರ್-ಅವರ್ ತಪ್ಪು. 300 ಆಂಪಿಯರ್-ಅವರ್ ಪ್ಯಾಕಿನಲ್ಲಿ ಅದು ಶೇ 2.7, ಒಂದೇ ದಿನಕ್ಕೆ. ಒಂದು ವಾರ ತಿದ್ದದೆ ಬಿಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ಶೇ 22 ಎಂದು ತೋರಿಸುತ್ತಿರುವಾಗಲೇ ಹೆಬ್ಬಾಳದ ಫ್ಲೈಓವರ್ ಏರುವ ಬಸ್ಸು ಸೋತು ನಿಲ್ಲಬಹುದು.

ಇದಕ್ಕೆ ಮದ್ದು ಡಿಪೊದಲ್ಲೇ ಇದೆ. ಆಗಾಗ ಪೂರ್ತಿ ಚಾರ್ಜ್ ಮಾಡಬೇಕು. ಚಪ್ಪಟೆ ಮೈದಾನ ಮುಗಿದು ವೋಲ್ಟೇಜ್ ಏರುವ ಕೊನೆಯ ತುದಿ ಮುಟ್ಟಿದಾಗ ಮಾತ್ರ ಬಿಎಂಎಸ್ (ಬ್ಯಾಟರಿ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ತನ್ನ ಲೆಕ್ಕವನ್ನು ನೂರಕ್ಕೆ ತಂದು ನಿಲ್ಲಿಸಿಕೊಳ್ಳುತ್ತದೆ. ಸೆಲ್ಲುಗಳ ಹೊಂದಾಣಿಕೆ ನಡೆಯುವುದೂ ಆ ತುದಿಯಲ್ಲೇ, ಅದೂ ಆಮೆ ವೇಗದಲ್ಲಿ. ಹೊಂದಾಣಿಕೆಯ ಕರೆಂಟ್ 0.1 ಆಂಪಿಯರ್ ಎಂದಾದರೆ 5 ಆಂಪಿಯರ್-ಅವರ್ ವ್ಯತ್ಯಾಸ ಸರಿಹೋಗಲು 50 ಗಂಟೆ ಬೇಕು. ಬೆಳಿಗ್ಗೆ ಗಾಡಿ ಬೇಗ ಬಿಡಬೇಕೆಂದು ದಿನವೂ ಶೇ 85ಕ್ಕೇ ಪ್ಲಗ್ ಕೀಳುವ ಡಿಪೊದಲ್ಲಿ ಆ ವ್ಯತ್ಯಾಸ ಎಂದಿಗೂ ಸರಿಹೋಗುವುದಿಲ್ಲ.

ಈಗ ನಮಗೆ ಬಹಳ ಮುಖ್ಯವೆನಿಸುವ ಒಂದು ದೋಷ: ಎರಡು ಸೆಲ್ಲುಗಳನ್ನು ಕೂಡಿಸುವ ಬಸ್‌ಬಾರಿನ ಬೋಲ್ಟ್ ಸಡಿಲವಾಗುವುದು. ಗುಂಡಿ ಬಿದ್ದ ರಸ್ತೆಯಲ್ಲಿ ವರ್ಷಗಟ್ಟಲೆ ಓಡುವ ಬಸ್ಸಿಗೆ ಇದು ದೂರದ ಮಾತಲ್ಲ. ಸಡಿಲ ಕೂಡಿಕೆಯಲ್ಲಿ ಒಂದು ಮಿಲಿಓಮ್ ಹೆಚ್ಚುವರಿ ಪ್ರತಿರೋಧ ಬಂದರೆ ಸಾಕು, 200 ಆಂಪಿಯರ್ ಹರಿಯುವಾಗ ಅಲ್ಲಿ 40 ವ್ಯಾಟ್ ಶಾಖ. ಹಳೆಯ ಸೋಲ್ಡರಿಂಗ್ ಐರನ್ ಒಂದನ್ನು ಸೆಲ್ಲಿನ ತಲೆಯ ಮೇಲೆ ಇಟ್ಟ ಹಾಗೆ. ಉಷ್ಣತೆಯ ಸೆನ್ಸರ್ ಆ ಕೂಡಿಕೆಯ ಪಕ್ಕದಲ್ಲಿದ್ದರೆ ಸರಿ. ಆದರೆ ಪ್ಯಾಕಿನಲ್ಲಿ ಪ್ರತಿ ಸೆಲ್ಲಿಗೂ ಉಷ್ಣತೆಯ ಸೆನ್ಸರ್ ಇರುವುದಿಲ್ಲ, ಹಲವು ಸೆಲ್ಲುಗಳಿಗೆ ಒಂದು. ಅದೂ ತಂಪು ದ್ರವ ಒಳಬರುವ ಕಡೆ ಕೂತಿದ್ದರೆ ಎಲ್ಲ ತಣ್ಣಗಿದೆ ಎಂದೇ ಹೇಳುತ್ತದೆ. ದ್ರವ ಹೊರಹೋಗುವ ಕಡೆ ಮತ್ತು ಸಾಲಿನ ನಡುವಿನ ಸೆಲ್ಲುಗಳು ಹೆಚ್ಚು ಬಿಸಿ. ಸೆನ್ಸರ್ ಬೇಕಾದದ್ದು ಅಲ್ಲಿ.

ಉಷ್ಣತೆ ಹೇಳದ್ದನ್ನು ವೋಲ್ಟೇಜ್ ಹೇಳುತ್ತದೆ. ಪ್ರತಿ ಸೆಲ್ಲಿನ ವೋಲ್ಟೇಜನ್ನು ಬಿಎಂಎಸ್ ಅಳೆಯುತ್ತಲೇ ಇರುತ್ತದಲ್ಲ. ಆ ಒಂದು ಮಿಲಿಓಮ್, ವೋಲ್ಟೇಜ್ ಅಳೆಯುವ ತಂತಿಗಳ ನಡುವೆ ಸಿಕ್ಕಿಕೊಂಡಿದ್ದರೆ, ಬಸ್ಸು ವೇಗ ಹಿಡಿಯುವಾಗ ಆ ಸೆಲ್ ಮಿಕ್ಕವಕ್ಕಿಂತ 0.2 ವೋಲ್ಟ್ ಕಡಿಮೆ ತೋರುತ್ತದೆ. ಬ್ರೇಕ್ ಒತ್ತಿ ಅಷ್ಟೇ ಕರೆಂಟ್ ಒಳಬಂದರೆ 0.2 ಹೆಚ್ಚು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಎಲ್ಲರ ಸಮಕ್ಕೆ. ಈ ಮೂರನ್ನು ಒಟ್ಟಿಗೆ ನೋಡಿ. ಕರೆಂಟ್ ನಿಂತೊಡನೆ ವ್ಯತ್ಯಾಸ ಮಾಯವಾದರೆ ತಪ್ಪು ಪ್ರತಿರೋಧದ್ದು: ಸಡಿಲ ಕೂಡಿಕೆ ಅಥವಾ ಮುದಿಯಾದ ಸೆಲ್ಲು. ನಿಂತ ಮೇಲೂ ಉಳಿದರೆ ಸೆಲ್ಲಿನ ಚಾರ್ಜೇ ಮಿಕ್ಕವುಗಳ ಜೊತೆ ಹೊಂದಿಲ್ಲ. ಇದನ್ನು ನೋಡಲು ಹೊಸ ಸೆನ್ಸರ್ ಬೇಡ, ಇರುವ ದಾಖಲೆಯನ್ನು ಕರೆಂಟಿನ ಜೊತೆ ಇಟ್ಟು ಓದಿದರೆ ಸಾಕು. ಬರೀ ದಿನದ ಕನಿಷ್ಠ ವೋಲ್ಟೇಜ್ ಬರೆದಿಡುವ ಪದ್ಧತಿಯಲ್ಲಿ ಈ ಸುದ್ದಿ ಪೂರ್ತಿ ಕಳೆದುಹೋಗುತ್ತದೆ. ದಯವಿಟ್ಟು ಕರೆಂಟನ್ನೂ ಅದೇ ಕ್ಷಣದಲ್ಲಿ ಬರೆದಿಡಿ; ವೋಲ್ಟೇಜ್ ಒಂದು ಸೆಕೆಂಡಿನದು, ಕರೆಂಟ್ ಇನ್ನೊಂದು ಸೆಕೆಂಡಿನದು ಆದರೆ ಎತ್ತು ಏರಿಗೆ, ಕೋಣ ನೀರಿಗೆ.

ಅನುಮಾನ ಬಂದ ಪ್ಯಾಕನ್ನು ತೆರೆಯುವ ಕೆಲಸ ತರಬೇತಿ ಪಡೆದವರದು ಮಾತ್ರ. ವಾಹನಗಳಲ್ಲಿ 60 ವೋಲ್ಟ್ ಡಿಸಿ ದಾಟಿದ್ದೆಲ್ಲ ಅಪಾಯದ ವೋಲ್ಟೇಜ್, ಬಸ್ಸಿನ ಪ್ಯಾಕಿನಲ್ಲಿ ಅದರ ಹಲವು ಪಟ್ಟು ಇರುತ್ತದೆ. ಸರ್ವಿಸ್ ಡಿಸ್‌ಕನೆಕ್ಟ್ ತೆಗೆದು, ಬೀಗ ಹಾಕಿ, ಕೆಪಾಸಿಟರ್‌ಗಳು ಬರಿದಾಗಲು ತಯಾರಕರು ಹೇಳಿದಷ್ಟು ಹೊತ್ತು ಕಾದು, ಮೀಟರಿನಲ್ಲಿ ನೋಡಿ ಖಚಿತ ಮಾಡಿಕೊಂಡ ಮೇಲೇ ಕೈ. ಪ್ಯಾಕಿನ ಒಳಗೆ ಸೆಲ್ಲುಗಳು ಆಗಲೂ ಜೀವಂತ ಎಂಬುದು ನೆನಪಿರಲಿ.

ಬಸ್ಸಿನ ಸೆನ್ಸರುಗಳೆಲ್ಲ ಮಾತಾಡುವ ಕ್ಯಾನ್ ಬಸ್ ಎಂಬ ಎರಡು ತಂತಿಯ ಜಾಲ ಆಗಾಗ ಮುನಿಸಿಕೊಂಡರೆ ಮೊದಲು ಮಾಡಬೇಕಾದದ್ದು ಇಷ್ಟೇ. ವಿದ್ಯುತ್ ಆಫ್ ಮಾಡಿ, ಕ್ಯಾನ್-ಹೈ ಮತ್ತು ಕ್ಯಾನ್-ಲೋ ನಡುವೆ ಮಲ್ಟಿಮೀಟರ್ ಇಡಿ. 60 ಓಮ್ ಬಂದರೆ ಎರಡು ತುದಿಯ 120 ಓಮ್ ರೆಸಿಸ್ಟರುಗಳೂ ಇವೆ. 120 ಬಂದರೆ ಒಂದು ಕಳಚಿದೆ. 40 ಬಂದರೆ ಯಾರೋ ಟ್ರ್ಯಾಕರ್ ಅಳವಡಿಸುವಾಗ ಮೂರನೆಯದನ್ನು ಸೇರಿಸಿದ್ದಾರೆ.

ಇನ್ನು ರಸ್ತೆಯ ಧೂಳು ಅಳೆಯುವ ಅಗ್ಗದ ಲೇಸರ್ ಸೆನ್ಸರುಗಳ ಬಗ್ಗೆ ಸಭೆಯಲ್ಲಿ ಒಬ್ಬರು ಕೇಳಿದ್ದರು. ಕಣಗಳು ಚದುರಿಸುವ ಬೆಳಕನ್ನು ಅವು ಎಣಿಸುತ್ತವೆ, ತೂಗುವುದಿಲ್ಲ. ಡಿಸೆಂಬರಿನ ಮಂಜಿನ ಮುಂಜಾವಿನಲ್ಲಿ ಕಣಗಳು ತೇವ ಹೀರಿ ಉಬ್ಬುತ್ತವೆ, ಆಗ ಪಿಎಂ 2.5 (ಅತಿ ಸಣ್ಣ ಧೂಳಿನ ಕಣಗಳ) ಅಂಕಿ ಸುಮ್ಮನೆ ಏರುತ್ತದೆ. ತೇವಾಂಶವನ್ನು ಜೊತೆಗೇ ಅಳೆಯಿರಿ. ಪೀಣ್ಯ ಅಥವಾ ಸಿಲ್ಕ್ ಬೋರ್ಡ್ ಬಳಿ ಇರುವಂಥ ಅಧಿಕೃತ ಮಾಪನ ಕೇಂದ್ರದ ಪಕ್ಕದಲ್ಲಿ ಎರಡು ವಾರ ಇಟ್ಟು ಹೋಲಿಸಿ, ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ.

ಕೊನೆಯ ಪ್ರಶ್ನೆ ಡಿಪೊದ ತಂತ್ರಜ್ಞರೊಬ್ಬರದು: “ಬ್ಯಾಟರಿಗೆ ಹೊಸ ಥರ್ಮಿಸ್ಟರ್ ಹಾಕಿದ್ವಿ. ರೂಮಿನಲ್ಲಿ ಸರಿಯಾಗಿ ತೋರಿಸ್ತಿತ್ತು. ಬಸ್ಸಲ್ಲಿ ಯಾಕೋ ಯಾವಾಗಲೂ ಕಡಿಮೇನೇ ತೋರಿಸುತ್ತೆ.”

ಥರ್ಮಿಸ್ಟರ್ ಅಂದರೆ ಉಷ್ಣತೆಗೆ ತಕ್ಕಂತೆ ಪ್ರತಿರೋಧ ಬದಲಾಗುವ ಸೆನ್ಸರ್; ಎಷ್ಟು ಬದಲಾಗುತ್ತದೆ ಎಂದು ಹೇಳುವ ಅಂಕಿ ಬೀಟಾ. ಇದು ಬೀಟಾ ಮೌಲ್ಯದ ತಪ್ಪಿರಬಹುದು. 10 ಕಿಲೊಓಮ್ ಥರ್ಮಿಸ್ಟರ್ ಎಂದು ಅಂಗಡಿಯಲ್ಲಿ ಸಿಗುವುದು ಒಂದೇ ಜಾತಿಯಲ್ಲ. ಬೀಟಾ 3435 ಇರುವುದುಂಟು, 3950 ಇರುವುದುಂಟು. 25 ಡಿಗ್ರಿಯಲ್ಲಿ ಎರಡೂ 10 ಕಿಲೊಓಮ್, ಹಾಗಾಗಿ ರೂಮಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಬಿಎಂಎಸ್ 3950ರ ಪಟ್ಟಿ ಇಟ್ಟುಕೊಂಡಿದ್ದು ನೀವು 3435ರದ್ದನ್ನು ಹಾಕಿದ್ದರೆ, ಸೆಲ್ 55 ಡಿಗ್ರಿ ಇರುವಾಗ ಪರದೆಯಲ್ಲಿ 51 ಎಂದು ಬರುತ್ತದೆ. ಬಿಸಿ ಹೆಚ್ಚಿದಷ್ಟೂ ಸುಳ್ಳೂ ಹೆಚ್ಚುತ್ತದೆ. ತಂತಿ ತುಂಡಾದರೆ ಇನ್ನೂ ವಿಚಿತ್ರ: ಥರ್ಮಿಸ್ಟರಿನಲ್ಲಿ ತಂಪಾದಷ್ಟೂ ಪ್ರತಿರೋಧ ಏರುವುದರಿಂದ, ತುಂಡಾದ ತಂತಿ ಬಿಎಂಎಸ್ಸಿಗೆ ಮೈನಸ್ 40 ಡಿಗ್ರಿಯ ಚಳಿಯಾಗಿ ಕಾಣುತ್ತದೆ. 4–20 ಮಿಲಿಆಂಪಿಯರಿನ ಜಾಣತನ ಇಲ್ಲಿಲ್ಲ, ಅದನ್ನು ಸಾಫ್ಟ್‌ವೇರಿನಲ್ಲಿ ನಾವೇ ಸೇರಿಸಬೇಕು. ಬೆಂಗಳೂರಿನ ಬಸ್ಸಿನಲ್ಲಿ ಮೈನಸ್ ಅಂಕಿ ಕಂಡರೆ ಅದು ಉಷ್ಣತೆಯಲ್ಲ, ದೋಷ ಎಂದು ದಾಖಲಾಗಲಿ.

ಪರೀಕ್ಷೆ ಡಿಪೊದ ಕ್ಯಾಂಟೀನಿನಲ್ಲೇ ಮಾಡಬಹುದು. ಥರ್ಮಿಸ್ಟರಿಗೆ ಹೀಟ್‌ಶ್ರಿಂಕ್ ತೊಡಿಸಿ, ನೀರು ಒಳಗೆ ಹೋಗದಂತೆ ತುದಿ ಮುಚ್ಚಿ. ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಬೆರೆಸಿ ಕಲಕಿದರೆ ಅದು 0 ಡಿಗ್ರಿ. ಆಮೇಲೆ ಕುದಿಯುವ ನೀರು. ಪಾತ್ರೆಯ ತಳ ಮುಟ್ಟಿಸದೆ ನೀರಿನ ನಡುವೆ ಹಿಡಿಯಿರಿ. ತಪ್ಪು ಬೀಟಾ ಆಗಿದ್ದರೆ ಇಲ್ಲಿ 86ರ ಸುತ್ತ ತೋರಿಸಿ ತಾನೇ ಸಿಕ್ಕಿಬೀಳುತ್ತದೆ. 97 ತೋರಿಸಿದರೆ ಸೆನ್ಸರ್ ಸರಿಯಾಗಿದೆ. 100 ಬರಲಿಲ್ಲವಲ್ಲ ಎಂದು ಸಾಫ್ಟ್‌ವೇರಿನಲ್ಲಿ ಮೂರು ಡಿಗ್ರಿ ಸೇರಿಸಲು ಹೋಗಬೇಡಿ. ಈ ಎತ್ತರದ ಊರಿನಲ್ಲಿ ನೀರು ಕುದಿಯುವುದೇ 97ರಲ್ಲಿ.